ಬಂಡಿಮನೆಗೂ ವಾಸದ ಮನೆಗೂ ನಡುವಣ ಗೋಡೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಸೀಮೆಯ ಹಳೆಯ ಮಣ್ಣಿನ ಮಾಳಿಗೆಯ ಮನೆಗಳ ರಚನಾಕ್ರಮವು ವಾಚಕರಿಗೆ ಸುಪರಿಚಿತವಾದುದೇ. ತಲೆಬಾಗಿಲನ್ನು ದಾಟಿದೊಡನೆ ತಗ್ಗಿನಲ್ಲಿ ದನಗಳನ್ನು ಕಟ್ಟುವ ಸ್ಥಳ. ಅದರಾಚೆ ಎತ್ತರದಲ್ಲಿ ಪಡಸಾಲೆ, ಅಡಿಗೆಯ ಮನೆ. ಎತ್ತುಗಳ ಮೇಲೆ ಒಡೆಯನ ಕಣ್ಣಿರಬೇಕಾದುದರಿಂದ ಇವೆರಡರ ನಡುವೆ ಗೋಡೆಯ ಅಗತ್ಯ ಕಾಣುತ್ತಿರಲಿಲ್ಲ. ಬೇಗನೆ ಹೊತ್ತಿಕೊಳ್ಳುವ ಮೇವಿನ ಬಣವೆಯನ್ನಾದರೋ ಹಿರಿಯರು ಹಿತ್ತಲಲ್ಲೋ ಕಣದಲ್ಲೋ ದೂರ ಒಟ್ಟುತ್ತಿದ್ದರು.

ತುಂಗಭದ್ರಾ ಎಡದಂಡೆ ಕಾಲುವೆಯ ನೀರು ಹರಿದು ಭತ್ತದ ಬೇಸಾಯವು ಬೆಳೆದಂತೆ ಎತ್ತಿನ ಸ್ಥಾನಕ್ಕೆ ಟ್ರ್ಯಾಕ್ಟರು, ಮೋಟಾರು ಸೈಕಲ್ಲುಗಳು ಬಂದವು. ಅವುಗಳೊಡನೆ ಎಣ್ಣೆಯ ಡಬ್ಬಿಗಳೂ ಬಂದವು. ಗೋಡೆ ಮಾತ್ರ ಬರಲಿಲ್ಲ. (ಗ್ಯಾರೇಜೆಂದರೆ ನಮ್ಮಲ್ಲಿ ದುರಸ್ತಿಯ ಅಂಗಡಿಯೆಂಬ ಅರ್ಥವೇ ರೂಢವಾಗಿರುವುದರಿಂದ ವಾಹನವಿರಿಸುವ ಸ್ಥಳವನ್ನು ಬಂಡಿಮನೆಯೆಂದು ಕರೆದಿದ್ದೇನೆ.)

ಪೆಟ್ರೋಲಿನ ಆವಿಯು ಗಾಳಿಗಿಂತ 3–4 ಪಟ್ಟು ಭಾರವಾದುದು. ಅದು ಮೇಲೇರದೆ ನೀರಿನಂತೆ ನೆಲವನ್ನು ಹಿಡಿದು ಹರಿಯುತ್ತದೆ. ಎಲ್ಲಿಯಾದರೂ ಒಲೆಯನ್ನೋ ದೀಪವನ್ನೋ ಸೋಂಕಿದರೆ ಜ್ವಾಲೆಯು ಆವಿ ಬಂದ ದಾರಿಯಲ್ಲಿಯೇ ಹಿಂದಿರುಗಿ ವಾಹನವನ್ನು ಮುಟ್ಟುತ್ತದೆ. ಪಡಸಾಲೆಯ ಆ ಹಳೆಯ ಎತ್ತರವು ಈ ಆವಿಗೆ ಸಹಜವಾದೊಂದು ಒಡ್ಡು. ಹೊಸದಾಗಿ ಫರಸಿ ಹಾಸುವಾಗ ನಡೆದಾಡಲು ಅನುಕೂಲವೆಂದು ಅದನ್ನು ಸಮಮಾಡುವುದು ಅವಿವೇಕವೆಂದೇ ನನ್ನ ಅಭಿಪ್ರಾಯ.

ಒಡ್ಡೊಂದೇ ಸಾಲದು. 9 ಅಂಗುಲದ ಇಟ್ಟಿಗೆಯ ಗೋಡೆಯನ್ನೆಬ್ಬಿಸಿ ಎರಡೂ ಮಗ್ಗುಲಿಗೆ ಗಿಲಾವು ಮಾಡಿಸಬೇಕು. ಇಲ್ಲಿ ಸಾಮಾನ್ಯವಾಗಿ ನಡೆಯುವ ಲೋಪವೆಂದರೆ ಗೋಡೆಯು ತೊಲೆಯ ಮಟ್ಟಕ್ಕೇ ನಿಂತು, ಜಂತಿಗಳ ಸಂದುಗಳು ತೆರೆದೇ ಉಳಿಯುವುದು. ಮಾಳಿಗೆಯ ಮಣ್ಣು ಉರಿಯದು, ನಿಜ. ಆದರೆ ಕೆಳಗಿನ ಕಟ್ಟಿಗೆ ಉರಿಯುತ್ತದೆ, ಸಂದಿನಿಂದ ಹೊಗೆಯೂ ನುಗ್ಗುತ್ತದೆ. ಮಲಗಿದವರನ್ನು ಬೆಂಕಿಗಿಂತ ಮೊದಲು ಕೊಲ್ಲುವುದು ಆ ಹೊಗೆಯೇ. ಆದುದರಿಂದ ಗೋಡೆಯನ್ನು ಮಾಳಿಗೆಯವರೆಗೂ, ತಗಡಿನ ಮನೆಯಾದರೆ ತಗಡಿನವರೆಗೂ ಒಯ್ದು, ತಂತಿ ಕೊಳವೆಗಳು ಹಾದ ರಂಧ್ರಗಳನ್ನೂ ಗಾರೆಯಿಂದ ಮುಚ್ಚಿಸತಕ್ಕದ್ದು.

ಇನ್ನು ಬಾಗಿಲು. ಅಮೆರಿಕದ ವಾಸಗೃಹ ಸಂಹಿತೆಯು ಇಂತಹೆಡೆ ಸುಮಾರು 35 ಮಿ.ಮೀ. ದಪ್ಪದ ಗಟ್ಟಿ ಬಾಗಿಲನ್ನು, ಇಲ್ಲವೇ 20 ನಿಮಿಷ ಬೆಂಕಿಯನ್ನು ತಡೆಯುವ ಬಾಗಿಲನ್ನು ಕೇಳುತ್ತದೆ; ಅದು ಮಲಗುವ ಕೋಣೆಗೆ ನೇರವಾಗಿ ತೆರೆಯಬಾರದೆಂದೂ ವಿಧಿಸುತ್ತದೆ. ದಪ್ಪನೆಯ ತೇಗದ ಹಲಗೆಯು ಹೊರಗೆ ಕರಿಕಾಗಿ, ಆ ಇದ್ದಿಲ ಪದರವೇ ಒಳಗಿನ ಮರವನ್ನು ಕೆಲಕಾಲ ಕಾಯುತ್ತದೆ. ಅಂಥ ಅಜ್ಜನ ಕಾಲದ ಬಾಗಿಲನ್ನು ಮಾರಿ ಟೊಳ್ಳು ಪ್ಲೈವುಡ್ಡಿನದನ್ನು ಕೂಡಿಸುವವರಿಗೆ ಏನು ಹೇಳೋಣ!

ಈಚೆಗೆ ಬ್ಯಾಟರಿಯ ಸ್ಕೂಟರುಗಳು ಬಂದಿವೆ. ಅವನ್ನು ರಾತ್ರಿ ಪಡಸಾಲೆಯಲ್ಲಿ ಚಾರ್ಜಿಗಿಡುವುದು ಬೇಡ, ಗೋಡೆಯಾಚೆಯೇ ಇರಲಿ. ಆದರೆ ನಮ್ಮ ಮನೆಗಳಲ್ಲಿ ತಲೆಬಾಗಿಲ ದಾರಿಯು ಬಂಡಿಮನೆಯ ಮೂಲಕವೇ ಹಾಯುತ್ತದೆಯಾಗಿ, ಬೆಂಕಿ ಬಿದ್ದರೆ ಹೊರಬೀಳುವ ದಾರಿಯೇ ಕಟ್ಟುತ್ತದೆ. ಗೋಡೆ ಕಟ್ಟಿಸುವಾಗಲೇ ಹಿತ್ತಲ ಬಾಗಿಲೊಂದನ್ನು ಇಡಿಸಬೇಕು. ಇದ್ದುದಕ್ಕೆ ಕಾಳಿನ ಚೀಲಗಳನ್ನು ಒಟ್ಟಿದ್ದರೆ ಇಂದೇ ತೆಗೆಸಬೇಕು.