ಮಾಸಾಶನಕ್ಕೆ ವರಮಾನದ ಪತ್ರವೇಕೆ?

ನಮ್ಮ ಕನ್ನಡ ಸಂಸಾರಗಳಲ್ಲಿ ಅಂಗವಿಕಲ ಮಕ್ಕಳನ್ನೋ ಹಿರಿಯರನ್ನೋ ಸಾಕುತ್ತಿರುವ ಮನೆಗಳು ಕೆಲವಾದರೂ ಇವೆ. ಮನೆಯ ಯಜಮಾನರು ಪುರಸೈವಾಕ್ಕಂ ಹೈರೋಡಿನ ಅಂಗಡಿಯಲ್ಲಿ ಲೆಕ್ಕ ಬರೆಯುವವರು, ವೇಪೇರಿಯ ಕಡೆ ಆಫೀಸಿಗೆ ಹೋಗಿಬರುವವರು, ಸಣ್ಣ ಹೋಟೆಲು ನಡೆಸುವವರು. ಕಡುಬಡವರೆನ್ನುವಂತಿಲ್ಲ, ಉಳ್ಳವರಂತೂ ಅಲ್ಲ. ಸರ್ಕಾರದಿಂದ ಏನಾದರೂ ಸಹಾಯ ಸಿಕ್ಕೀತೇ ಎಂದು ಇವರು ವಿಚಾರಿಸಿದರೆ ಮೊದಲು ಬರುವ ಪ್ರಶ್ನೆ, ಅಂಗವೈಕಲ್ಯ ಶೇಕಡ ಎಷ್ಟು ಎಂಬುದು. ಅದರ ಬೆನ್ನಿಗೇ ಬರುವುದು, ಮನೆಯ ವರಮಾನ ಎಷ್ಟು ಎಂಬುದು. ಈ ಎರಡನೆಯ ಪ್ರಶ್ನೆ ಎಷ್ಟರಮಟ್ಟಿಗೆ ನ್ಯಾಯವೆಂಬುದನ್ನು ವಾಚಕರ ಮುಂದಿಡುವುದು ಈ ಲೇಖನದ ಉದ್ದೇಶ.

ಪ್ರಶ್ನೆ ಹೊಸದಲ್ಲ. ತಮಿಳುನಾಡಿನಲ್ಲಿ 1974ರಲ್ಲಿ ಅಂಗವಿಕಲರಿಗೆ ಮಾಸಾಶನ ಆರಂಭವಾದಾಗ ಯೋಜನೆಯ ಹೆಸರಿನಲ್ಲಿಯೇ 'ನಿರ್ಗತಿಕ' ಎಂಬ ಮಾತು ಸೇರಿತ್ತು. ಕೇಂದ್ರ ಸರ್ಕಾರ 2009ರಲ್ಲಿ ಇಂದಿರಾ ಗಾಂಧಿಯವರ ಹೆಸರಿನಲ್ಲಿ ಪ್ರಾರಂಭಿಸಿದ ಮಾಸಾಶನವೂ ಬಡತನದ ರೇಖೆಯ ಕೆಳಗಿನ ಮನೆಗಳಿಗೆ ಮಾತ್ರ. ಅದಕ್ಕೂ ಅಂಗವೈಕಲ್ಯ ಶೇಕಡ 80ಕ್ಕೆ ಕಡಿಮೆಯಿರಕೂಡದು. ಇಷ್ಟು ಸೋಸಿ ಕೊಡುವುದಾದರೂ ಎಷ್ಟು? 2012ರಲ್ಲಿ 300 ರೂಪಾಯಿಗೆ ಏರಿದ ಕೇಂದ್ರದ ಪಾಲು ಅಲ್ಲಿಯೇ ನಿಂತುಬಿಟ್ಟಿದೆ. ಆನೆಯ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ. ರಾಜ್ಯಗಳು ಕೈಯಿಂದ ಸೇರಿಸಿ ಕೊಡುವುದರಿಂದ ಮರ್ಯಾದೆ ಉಳಿದಿದೆ. ಇಲ್ಲಿ ರೆವಿನ್ಯೂ ಇಲಾಖೆಯ ಮಾಸಾಶನ 2023ರ ಜನವರಿಯಿಂದ 1,500 ರೂಪಾಯಿ ಆಯಿತು.

ವರಮಾನ ನೋಡಿ ಕೊಡಬೇಕೆನ್ನುವವರ ವಾದವನ್ನೂ ಕೇಳಬೇಕು. ಬೊಕ್ಕಸದಲ್ಲಿ ಇರುವುದು ಇಷ್ಟೇ. ಕಾರಿಟ್ಟುಕೊಂಡ ಮನೆಗೂ ಗುಡಿಸಲಿಗೂ ಒಂದೇ ಸಮನಾಗಿ ಹಂಚಿದರೆ ಗುಡಿಸಲಿನ ಪಾಲು ತೆಳುವಾಗುತ್ತದೆ. ಆದ್ದರಿಂದ ಮೊದಲು ಬಡವನಿಗೆ ಕೊಡಿ ಎನ್ನುತ್ತಾರೆ. ನಾನೂ ಸರ್ಕಾರಿ ಗುಮಾಸ್ತನೇ ಆದುದರಿಂದ ಈ ಮಾತಿನ ಭಾರ ನನಗೆ ತಿಳಿಯುತ್ತದೆ. ದೇವರು ಕೊಟ್ಟರೂ ಪೂಜಾರಿ ಕೊಡ ಎಂದು ಜನ ನಮ್ಮ ಕಡೆ ಬೆರಳು ತೋರಿಸುತ್ತಾರೆ, ಆದರೆ ಇಲ್ಲಿ ಪೂಜಾರಿಯ ಕೈಯಲ್ಲಿ ದೇವರೇ ಬರೆದುಕೊಟ್ಟ ಪಟ್ಟಿಯಿದೆ.

ಈ ವಾದ ಎಲ್ಲ ಕಡೆಯೂ ಒಂದೇ ರೀತಿ ನಡೆಯುತ್ತಿದ್ದರೆ ನಾನು ಲೇಖನಿ ಹಿಡಿಯುತ್ತಿರಲಿಲ್ಲ. ಆದಾಯ ತೆರಿಗೆಯ ಹಳೆಯ ಪದ್ಧತಿಯನ್ನು ನೋಡಿ. ತೀವ್ರ ಅಂಗವಿಕಲನಾದ ಮಗನನ್ನು ಸಾಕುವ ತಂದೆಗೆ ವರ್ಷಕ್ಕೆ 1,25,000 ರೂಪಾಯಿಯ ವರಮಾನವನ್ನು ತೆರಿಗೆಯ ಲೆಕ್ಕದಿಂದ ಬಿಟ್ಟುಕೊಡುತ್ತಾರೆ. ಇಷ್ಟೇ ಖರ್ಚಾಗಿದೆಯೆಂದು ರಸೀತಿ ಕೂಡಿಸಿ ತೋರಿಸಬೇಕಾಗಿಲ್ಲ. ವರಮಾನಕ್ಕೆ ಮೇಲಿನ ಮಿತಿಯೂ ಇಲ್ಲ. ಶೇಕಡ 30ರ ದರದಲ್ಲಿ ತೆರಿಗೆ ಕೊಡುವವರಿಗೆ ಇದರಿಂದ ಉಳಿಯುವುದು 37,500 ರೂಪಾಯಿ, ಸೆಸ್ಸನ್ನೂ ಸೇರಿಸಿದರೆ 39,000. ಬಡವನಿಗೆ ಕೇಂದ್ರ ಕೊಡುವ 300 ರೂಪಾಯಿ ವರ್ಷಕ್ಕೆ ಎಷ್ಟಾಯಿತು? 3,600. ಇವರಿಬ್ಬರ ನಡುವೆ ಇರುವವನ ಗತಿಯೇನು? ರೇಷನ್ ಕಾರ್ಡಿನ ಲೆಕ್ಕದಲ್ಲಿ ಅವನು ಬಡವನಲ್ಲ. ತೆರಿಗೆಗೆ ಸಲ್ಲುವ ವರಮಾನ ಅದೇ ಹಳೆಯ ಪದ್ಧತಿಯ 5 ಲಕ್ಷದೊಳಗೆ ಇರುವುದರಿಂದ ಕಟ್ಟಬೇಕಾದ ತೆರಿಗೆಯೂ ಇಲ್ಲ. ಆದ್ದರಿಂದ ಮಾಸಾಶನವೂ ಇಲ್ಲ, ವಿನಾಯಿತಿಯ ಫಲವೂ ಇಲ್ಲ. ಮೇಲೆ ಹೇಳಿದ ನಮ್ಮ ಮನೆಗಳು ಬಹುಪಾಲು ಈ ಸಂದಿಯಲ್ಲಿಯೇ ಸಿಕ್ಕಿಕೊಂಡಿವೆ. (ಹೊಸ ಪದ್ಧತಿಯನ್ನು ಆರಿಸಿಕೊಂಡ ತಂದೆಗೆ ಈ ವಿನಾಯಿತಿಯೂ ಇಲ್ಲವೆಂಬುದನ್ನು ಮರೆಯದಿರಿ.)

ರೈಲ್ವೆಯವರನ್ನು ನೋಡಿ. ನಡೆಯಲಾರದವನಿಗೂ ಅವನ ಜೊತೆ ಹೋಗುವವನಿಗೂ ಟಿಕೆಟ್ಟಿನಲ್ಲಿ ರಿಯಾಯಿತಿ ಕೊಡುವಾಗ ಸಂಬಳ ಎಷ್ಟೆಂದು ಕೇಳುವುದಿಲ್ಲ. ಮದರಾಸಿನ ಸಾಧಾರಣ ಸಿಟಿ ಬಸ್ಸಿನಲ್ಲಿ 2021ರಿಂದ ಅಂಗವಿಕಲರಿಗೆ ಚಾರ್ಜೇ ಇಲ್ಲ, ಕಂಡಕ್ಟರು ವರಮಾನದ ಪತ್ರ ಕೇಳಿದ್ದನ್ನು ನಾನು ಕಂಡಿಲ್ಲ. ಸರ್ಕಾರಿ ಕೆಲಸದಲ್ಲಿ ಅಂಗವಿಕಲರಿಗಿರುವ ಮೀಸಲಾತಿಗೂ ವರಮಾನದ ಮಿತಿಯಿಲ್ಲ. ಇಂಗ್ಲೆಂಡಿನಲ್ಲಿ 1971ರಲ್ಲಿ ಬಂದ ಆರೈಕೆಯ ಭತ್ಯೆಯಾಗಲಿ, 2013ರಲ್ಲಿ ಬಂದ 'ಪರ್ಸನಲ್ ಇಂಡಿಪೆಂಡೆನ್ಸ್ ಪೇಮೆಂಟ್' ಆಗಲಿ ವರಮಾನವನ್ನು ಕೇಳುವುದಿಲ್ಲ. ಮನುಷ್ಯನಿಗೆ ಎಷ್ಟು ನೆರವು ಬೇಕು ಎಂಬುದನ್ನು ಮಾತ್ರ ನೋಡುತ್ತವೆ.

ಇದರ ಹಿಂದಿನ ತತ್ತ್ವವನ್ನು ಅಮರ್ತ್ಯ ಸೇನರು ತಮ್ಮ 2009ರ 'ದಿ ಐಡಿಯಾ ಆಫ್ ಜಸ್ಟಿಸ್' ಗ್ರಂಥದಲ್ಲಿ ಬಿಡಿಸಿ ಹೇಳಿದ್ದಾರೆ. ಅಂಗವಿಕಲನಿಗೆ ತೊಡಕು ಎರಡು. ಸಂಪಾದಿಸುವುದು ಕಷ್ಟ, ಇದು ಒಂದು. ಸಂಪಾದಿಸಿದ ಅದೇ ರೂಪಾಯಿಯಿಂದ ಇತರರಷ್ಟು ಸುಖವಾಗಿ ಬಾಳುವುದೂ ಕಷ್ಟ, ಇದು ಇನ್ನೊಂದು. ವೀಬ್ಕೆ ಕುಕ್ಲಿಸ್ ಎಂಬ ವಿದುಷಿ ಬ್ರಿಟನ್ನಿನಲ್ಲಿ ಮಾಡಿದ ಲೆಕ್ಕವನ್ನು ಅವರು ಉದಾಹರಿಸುತ್ತಾರೆ. ಅಲ್ಲಿ ಬಡತನದ ಮಟ್ಟಕ್ಕಿಂತ ಕೆಳಗಿದ್ದವರು ಒಟ್ಟಾರೆ ಶೇಕಡ 17.9. ಅಂಗವಿಕಲರಿರುವ ಸಂಸಾರಗಳನ್ನು ಮಾತ್ರ ಎಣಿಸಿದರೆ 23.1. ಅಂಗವೈಕಲ್ಯದಿಂದ ಬರುವ ಹೆಚ್ಚಿನ ಖರ್ಚನ್ನೂ ಲೆಕ್ಕಕ್ಕೆ ಹಿಡಿದರೆ 47.4! ವರಮಾನದ ಪತ್ರ ಮೊದಲನೆಯ ತೊಡಕನ್ನು ಕಂಡೀತು. ಎರಡನೆಯದು ಅದರ ಕಣ್ಣಿಗೆ ಬೀಳುವುದೇ ಇಲ್ಲ.

ಒಂದೇ ವಠಾರದಲ್ಲಿ ತಿಂಗಳಿಗೆ 30,000 ತರುವ ಎರಡು ಸಂಸಾರಗಳಿವೆ ಎಂದುಕೊಳ್ಳೋಣ. ಒಂದರಲ್ಲಿ ಮಗ ನಡೆದು ಶಾಲೆಗೆ ಹೋಗುತ್ತಾನೆ. ಇನ್ನೊಂದರಲ್ಲಿ ಮಗನನ್ನು ಎತ್ತಿಕೊಂಡೇ ಕೆಳಗಿಳಿಸಬೇಕು, ವ್ಯಾಯಾಮ ಚಿಕಿತ್ಸೆಗೆ ವಾರಕ್ಕೆ ಮೂರು ಸಲ ಆಟೋ ಬೇಕು, ಮೆಟ್ಟಿಲಿಲ್ಲದ ಕೆಳಗಿನ ಮನೆಗೆ ಹೆಚ್ಚು ಬಾಡಿಗೆ ತೆರಬೇಕು. ಎಲ್ಲಕ್ಕಿಂತ ದೊಡ್ಡ ಖರ್ಚು ಯಾವ ಪುಸ್ತಕದಲ್ಲೂ ಏರುವುದಿಲ್ಲ: ತಾಯಿ ಕೆಲಸ ಬಿಟ್ಟು ಮನೆಯಲ್ಲಿ ಕೂತಿದ್ದಾಳೆ. ತಹಸೀಲ್ದಾರರ ಪತ್ರದಲ್ಲಿ ಎರಡು ಸಂಸಾರಗಳೂ ಒಂದೇ.

ಇನ್ನೊಂದು ಸಂಗತಿ ನನಗೆ ಬಹಳ ಕಾಡುತ್ತದೆ. ಕೇಳುವುದು ಅರ್ಜಿದಾರನ ವರಮಾನವನ್ನಲ್ಲ, ಮನೆಯ ವರಮಾನವನ್ನು. ಮೂವತ್ತು ವರ್ಷದ, ಕಣ್ಣು ಕಾಣದ ತಂಗಿ ಅಣ್ಣನ ಮನೆಯಲ್ಲಿದ್ದರೆ ಅಣ್ಣನ ಸಂಬಳವೇ ಅವಳ ಐಶ್ವರ್ಯವೆಂದು ಲೆಕ್ಕ. ಅಣ್ಣ ಒಳ್ಳೆಯವನೇ, ಅತ್ತಿಗೆಯೂ ಒಳ್ಳೆಯವಳೇ ಇರಬಹುದು. ಆದರೂ ಒಂದು ಸಾಬೂನಿಗೆ, ತಲೆಯ ಎಣ್ಣೆಗೆ ದಿನವೂ ಇನ್ನೊಬ್ಬರನ್ನು ಕೇಳಿ ಬದುಕುವುದು ಎಂಥದೆಂದು ಅವಳನ್ನೇ ಕೇಳಬೇಕು.

2016ರ ಅಂಗವಿಕಲರ ಹಕ್ಕುಗಳ ಕಾಯಿದೆಯ 24ನೆಯ ವಿಧಿಯನ್ನು ಓದುವಾಗ ಒಂದು ಸೂಕ್ಷ್ಮ ಕಾಣಿಸಿತು. ಮಾಸಾಶನಕ್ಕೂ, ಗಾಲಿಕುರ್ಚಿಯಂಥ ಸಾಧನಗಳಿಗೂ ಸರ್ಕಾರ ಗೊತ್ತುಮಾಡುವ ವರಮಾನ ಮಿತಿ ಉಂಟೆಂದು ಅಲ್ಲಿ ಬರೆದಿದೆ. ಹೆಚ್ಚಿನ ನೆರವು ಬೇಕಾದವರ ಆರೈಕೆಯ ಭತ್ಯೆಯ ಮಾತು ಬಂದಾಗ ಮಿತಿಯ ಪ್ರಸ್ತಾಪವೇ ಇಲ್ಲ. ಹೊಟ್ಟೆಪಾಡಿಗೆ ಕೊಡುವುದು ಬೇರೆ, ಅಂಗವೈಕಲ್ಯದ ಖರ್ಚಿಗೆ ಕೊಡುವುದು ಬೇರೆ ಎಂಬ ಭೇದ ಕಾಯಿದೆಗೇ ಹೊಳೆದಂತಿದೆ. ನನ್ನ ಅಭಿಪ್ರಾಯವೂ ಅದೇ. ಮೊದಲನೆಯದಕ್ಕೆ ವರಮಾನ ಕೇಳಲಿ, ಆದರೆ ಅರ್ಜಿದಾರನದನ್ನೇ ಕೇಳಲಿ. ಎರಡನೆಯದಕ್ಕೆ ಡಾಕ್ಟರ ಪತ್ರವೊಂದೇ ಸಾಕು. ಮಿತಿ ಇಡಲೇಬೇಕಾದ ಕಡೆ ಗೋಡೆಯಂತೆ ಇಡದೆ ಇಳಿಜಾರಿನಂತೆ ಇಡಬಹುದು. ಸಾಧನಗಳನ್ನು ಕೊಡುವ ಕೇಂದ್ರದ 'ಎಡಿಪ್' ಯೋಜನೆಯಲ್ಲಿ ತಿಂಗಳಿಗೆ 22,500ರವರೆಗೆ ವರಮಾನವಿದ್ದರೆ ಪೂರ್ತಿ ಬೆಲೆ, 30,000ದವರೆಗೆ ಅರ್ಧ ಬೆಲೆ ಎಂಬ ಏರ್ಪಾಡಿದೆ.

ಈ ಮಧ್ಯೆ ನಮ್ಮವರು ಮಾಡಬಹುದಾದುದೂ ಇದೆ. ಯು.ಡಿ.ಐ.ಡಿ. ಕಾರ್ಡು ದೇಶವೆಲ್ಲಕ್ಕೂ ಸಲ್ಲುತ್ತದೆ. ಊರಿನಲ್ಲಿ ಮಾಡಿಸಿದ್ದರೆ ಇಲ್ಲಿ ಮತ್ತೆ ಮಾಡಿಸಬೇಕಾಗಿಲ್ಲ. ಮಾಸಾಶನ ಹಾಗಲ್ಲ, ಅದು ವಾಸವಿರುವ ರಾಜ್ಯದ್ದು. ತಮಿಳುನಾಡಿನಲ್ಲಿ ರೆವಿನ್ಯೂ ಇಲಾಖೆಯ ಮಾಸಾಶನವಲ್ಲದೆ, ತೀವ್ರ ಅಂಗವಿಕಲರಿಗೂ ಬೌದ್ಧಿಕ ವೈಕಲ್ಯವಿರುವವರಿಗೂ ಅಂಗವಿಕಲರ ಕಲ್ಯಾಣ ಇಲಾಖೆ ಕೊಡುವ 2,000 ರೂಪಾಯಿಯ ಪೋಷಣಾ ಭತ್ಯೆ ಬೇರೆಯೇ ಇದೆ. ಒಂದು ಕಡೆ ಇಲ್ಲವೆಂದರೆಂದು ಕೈಬಿಡದೆ ಇನ್ನೊಂದು ಇಲಾಖೆಯಲ್ಲಿಯೂ ವಿಚಾರಿಸಿ ನೋಡಿ. ತಮಿಳಿನಲ್ಲಿ ಅರ್ಜಿ ಬರೆಯಲು ಬಾರದವರಿದ್ದರೆ ಭಾನುವಾರ ಬೆಳಿಗ್ಗೆ ನಮ್ಮ ಮನೆಗೆ ಬರಲಿ, ಬರೆದುಕೊಡುತ್ತೇನೆ.