ಹಳೆಯ ಯಂತ್ರವೂ ಕಳ್ಳಹಣವೂ

ಕಬ್ಬಿಣಕ್ಕೂ ಕಳ್ಳಹಣಕ್ಕೂ ಏನು ನಂಟೆಂದು ವಾಚಕರು ಕೇಳಬಹುದು. ಹಳೆಯ ಯಂತ್ರಗಳ ವ್ಯಾಪಾರದ ಮೇಲೆ ಆಗಾಗ್ಗೆ ಕೇಳಿಬರುವ ಸಂಶಯವನ್ನು ಕುರಿತು ವಿಚಾರಿಸುತ್ತ ಹೋದಂತೆ, ಎಲ್ಲವೂ ಒಂದು ಸಂಗತಿಯ ಮೇಲೆ ನಿಂತಿದೆಯೆಂದು ನನಗೆ ತೋರಿತು. ಹಳೆಯ ಯಂತ್ರಕ್ಕೆ ಇಂಥದೇ ಬೆಲೆ ಎಂಬುದಿಲ್ಲ.

ನಮ್ಮ ಬಿಳಿಗೆರೆಯ ಭತ್ತಕ್ಕೆ ಮಾರುಕಟ್ಟೆಯ ಧಾರಣೆಯುಂಟು. ಚಿನ್ನದ ದರ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಹಳೆಯ ಲೇತ್ ಯಂತ್ರಕ್ಕೆ ಏನುಂಟು? ಎರಡು ಟನ್ ತೂಗುವ ಒಂದು ಲೇತನ್ನು ಗುಜರಿಯ ತೂಕಕ್ಕೆ ಹಾಕಿದರೆ 80,000 ರೂ. ಬರುವುದೆಂದು ಇಟ್ಟುಕೊಳ್ಳೋಣ. ಓಡುವ ಸ್ಥಿತಿಯಲ್ಲಿದ್ದರೆ 3 ಲಕ್ಷ. ಬೇರಿಂಗ್ ಬದಲಾಯಿಸಿ, ಬಣ್ಣ ಬಳಿದು ನಿಲ್ಲಿಸಿದರೆ 6 ಲಕ್ಷ. ಮೂರು ಬೆಲೆಗಳಲ್ಲಿ ಯಾವುದನ್ನೂ ಸುಳ್ಳೆನ್ನುವಂತಿಲ್ಲ. ಯಂತ್ರವನ್ನು ಕಣ್ಣಾರೆ ಕಾಣದೆ ಬಿಲ್ಲನ್ನು ಮಾತ್ರ ಓದುವ ಅಧಿಕಾರಿಗೆ ಇವುಗಳ ವ್ಯತ್ಯಾಸ ತಿಳಿಯುವುದು ಹೇಗೆ?

ಇಂಥ ಯಂತ್ರಗಳಿಗೆ ನಮ್ಮ ನಾಡಿನಲ್ಲಿ ಬರವಿಲ್ಲ. ಮೈಸೂರಿನ ಐಡಿಯಲ್ ಜಾವಾ 1996ರಲ್ಲಿ ಮುಚ್ಚಿತು, ಕೋಲಾರದ ಚಿನ್ನದ ಗಣಿ 2001ರಲ್ಲಿ; ಎಚ್.ಎಂ.ಟಿ. ಗಡಿಯಾರದ ಕಂಪನಿಯನ್ನು ಮುಚ್ಚಲು ಕೇಂದ್ರ ಸಚಿವ ಸಂಪುಟ 2016ರಲ್ಲಿ ಒಪ್ಪಿತು. ಈ ಸಂಸ್ಥೆಗಳ ಮೇಲೆ ನಾನು ಸಂಶಯ ಹೊರಿಸುತ್ತಿಲ್ಲ. ಕಾರ್ಖಾನೆ ಮುಚ್ಚಿದ ಮೇಲೆ ಬಹಿರಂಗ ಹರಾಜಿನಲ್ಲಿ ಕೂಗಿದ ಬೆಲೆಗೆ ಸಾಕ್ಷಿಗಳಿರುತ್ತಾರೆ. ಆಮೇಲೆ ಸರಕು ಎರಡನೆಯ, ಮೂರನೆಯ ಕೈ ದಾಟುವಾಗಲೇ ಲೆಕ್ಕ ಮಸುಕಾಗುವುದು.

ಈಗ ಕಳ್ಳಹಣದ ದಾರಿಯನ್ನು ನೋಡೋಣ. ಒಬ್ಬನಲ್ಲಿ ಲಂಚದ 5 ಲಕ್ಷ ರೂ. ಇದೆ. ಅದನ್ನು ಹೊರಗೆ ತೆಗೆದರೆ ‘ಎಲ್ಲಿಂದ ಬಂತು?’ ಎಂಬ ಪ್ರಶ್ನೆ ಏಳುತ್ತದೆ. ಆದಕಾರಣ ಅವನು ಹಳೆಯ ಯಂತ್ರದ ಅಂಗಡಿಯೊಂದನ್ನು ತೆರೆಯುತ್ತಾನೆ. 1 ಲಕ್ಷಕ್ಕೆ ಕೊಂಡ ಲೇತನ್ನು 6 ಲಕ್ಷಕ್ಕೆ ಮಾರಿದೆನೆಂದು ಬಿಲ್ಲು ಬರೆಯುತ್ತಾನೆ. ಕೊಂಡವನು ಅವನದೇ ಮನುಷ್ಯ; ಕೊಟ್ಟ ಹಣವೂ ಅವನದೇ. 5 ಲಕ್ಷ ಈಗ ‘ಲಾಭ’ವಾಯಿತು. ಅದರ ಮೇಲೆ ಆದಾಯ ತೆರಿಗೆಯನ್ನೂ ಅವನು ಸಂತೋಷದಿಂದ ಕಟ್ಟುತ್ತಾನೆ. ಅದು ಅಗಸನಿಗೆ ಕೊಡುವ ಕೂಲಿಯಿದ್ದಂತೆ! ಪತ್ರಿಕೆಗಳು ಇದನ್ನು ‘ಹಣದ ಅಕ್ರಮ ವರ್ಗಾವಣೆ’ ಎನ್ನುತ್ತವೆ. ‘ಮಡಿ ಮಾಡುವುದು’ ಎಂದಿದ್ದರೆ ಹಳ್ಳಿಯವರಿಗೂ ತಟ್ಟನೆ ತಿಳಿಯುತ್ತಿತ್ತು.

ಈ ಆಟಕ್ಕೆ ಒಂದು ತೊಡಕುಂಟು. 2017ರ ಏಪ್ರಿಲ್ 1ರಿಂದ ಒಂದು ವ್ಯವಹಾರದಲ್ಲಿ 2 ಲಕ್ಷ ಅಥವಾ ಹೆಚ್ಚಿನ ಮೊತ್ತವನ್ನು ನಗದಾಗಿ ಪಡೆಯುವಂತಿಲ್ಲ. ಹೀಗಿರಲು ಹಣ ಬ್ಯಾಂಕಿನ ಮೂಲಕವೇ ಬರಬೇಕು. ಅದಕ್ಕೆ ಖಾತೆಗಳು ಬೇಕು, ಹೆಸರುಗಳು ಬೇಕು. ಇಲ್ಲಿಯೇ ಈ ವಿಷಯ ನಮ್ಮ ಮನೆಬಾಗಿಲಿಗೆ ಬರುವುದು. ಆಧಾರ್, ಪ್ಯಾನ್ ಕಾರ್ಡುಗಳ ಪ್ರತಿ ಕೊಟ್ಟ ಬಡವ, ತನಗೆ ಅರಿವಿಲ್ಲದೆಯೇ ಒಂದು ಕಂಪನಿಯ ಮಾಲೀಕನಾಗಿರುತ್ತಾನೆ. ಸರಕೇ ಇಲ್ಲದೆ ಬಿಲ್ಲು ಮಾತ್ರ ಹರಿದಾಡುವ ಇಂಥ ಖೋಟಾ ಜಿ.ಎಸ್.ಟಿ. ನೋಂದಣಿಗಳನ್ನು ಹುಡುಕಲು 2023ರ ಮೇ 16ರಿಂದ ಜುಲೈ 15ರವರೆಗೆ ದೇಶಾದ್ಯಂತ ವಿಶೇಷ ಕಾರ್ಯಾಚರಣೆ ನಡೆಯಿತು. ನಮ್ಮಲ್ಲಿ ಅನೇಕರ ಮನೆಗಳಲ್ಲಿ ಬ್ಯಾಂಕಿನ ಕಾಗದವನ್ನು ಓದಬಲ್ಲವರು ನಾವೇ ಮೊದಲಿಗರು. ‘ನಿನ್ನ ಖಾತೆಯನ್ನು ಸ್ವಲ್ಪ ದಿನ ಕೊಡು’ ಎನ್ನುವವನು ಹುಡುಕಿಕೊಂಡು ಬರುವುದೂ ನಮ್ಮಂಥವರನ್ನೇ.

ವಿದೇಶದಿಂದ ತರಿಸುವ ಹಳೆಯ ಯಂತ್ರಗಳಲ್ಲಿ ಆಟ ಇನ್ನೂ ದೊಡ್ಡದು. ಬಿಲ್ಲಿನಲ್ಲಿ ಬೆಲೆ ಏರಿಸಿದರೆ ಹಣ ದೇಶದಿಂದ ಹೊರಗೆ ಹೋಗುತ್ತದೆ. ಇಳಿಸಿದರೆ ಸುಂಕ ತಪ್ಪುತ್ತದೆ. ಆದ್ದರಿಂದಲೇ ಸುಂಕದ ಇಲಾಖೆ ಚಾರ್ಟರ್ಡ್ ಎಂಜಿನಿಯರರ ಪ್ರಮಾಣಪತ್ರವನ್ನು ಕೇಳುತ್ತದೆ. ಈ ಮೌಲ್ಯಮಾಪನದ ಬಗೆಗೆ 2015ರ ಅಕ್ಟೋಬರಿನಲ್ಲಿ ಸುತ್ತೋಲೆಯೂ ಹೊರಟಿತು. ಆದರೂ ಕಡೆಗೆ ನಂಬಬೇಕಾದದ್ದು ಒಬ್ಬ ಮನುಷ್ಯನ ಕಣ್ಣನ್ನೇ.

ಹಾಗೆಂದು ಹಳೆಯ ಯಂತ್ರ ಮಾರುವವರೆಲ್ಲ ಕಳ್ಳರೆನ್ನುವುದು ಅನ್ಯಾಯ. ಹೊಸ ಲೇತ್ ಕೊಳ್ಳಲಾರದ ಐ.ಟಿ.ಐ. ಹುಡುಗ ಸ್ವಂತ ವರ್ಕ್‌ಶಾಪು ತೆರೆಯುವುದು ಇವರನ್ನು ನೆಚ್ಚಿಯೇ. ಬೆಲೆ ಹೆಚ್ಚಿದ್ದ ಮಾತ್ರಕ್ಕೆ ಅಪರಾಧವೂ ಆಗದು. 2005ರ ಜುಲೈ 1ರಂದು ಜಾರಿಗೆ ಬಂದ ಹಣ ಅಕ್ರಮ ವರ್ಗಾವಣೆ ತಡೆ ಕಾಯ್ದೆಯ ಪ್ರಕಾರ, ಲಂಚ, ವಂಚನೆ ಮೊದಲಾದ ಮೂಲ ಅಪರಾಧವೊಂದರಿಂದ ಆ ಹಣ ಹುಟ್ಟಿರಬೇಕು. ಮೂಲ ಅಪರಾಧದಲ್ಲಿ ಖುಲಾಸೆಯಾದವನ ಮೇಲೆ ಈ ಆಪಾದನೆಯೂ ನಿಲ್ಲದೆಂದು ಸುಪ್ರೀಂ ಕೋರ್ಟು 2022ರ ಜುಲೈ 27ರಂದು ಹೇಳಿತು. ಆದರೆ ಅದೇ ಕಾಯ್ದೆಯಲ್ಲಿ, ಹಣ ಅಪರಾಧದ್ದಲ್ಲವೆಂದು ತೋರಿಸುವ ಭಾರ ಆಪಾದಿತನ ಮೇಲಿದೆ. ಗೊತ್ತಿದ್ದೂ ನೆರವಾದವನಿಗೂ 3ರಿಂದ 7 ವರ್ಷ ಕಠಿಣ ಶಿಕ್ಷೆ. ಖಾತೆಯನ್ನು ಎರವಲು ಕೊಟ್ಟ ಕೂಲಿಕಾರನ ಮಗ ಯಾವ ವಕೀಲನನ್ನು ಹಿಡಿದು ಈ ಭಾರ ಹೊತ್ತಾನು?

ಇನ್ನು ನಿಜವಾಗಿ ಕೊಳ್ಳುವವನ ಮಾತು. ಕಾಗದದ ಮೇಲೆ ಮಾತ್ರ ಮಾರಾಟವಾಗುವ ಯಂತ್ರಕ್ಕೆ ಲಾರಿಯ ಅಗತ್ಯವಿಲ್ಲ. 50,000 ರೂ. ಮೀರಿದ ಸರಕು ಸಾಗಲು ಇ-ವೇ ಬಿಲ್ಲು ಬೇಕೆಂಬ ನಿಯಮ ಅಂತರರಾಜ್ಯ ಸಾಗಾಟಕ್ಕೆ 2018ರ ಏಪ್ರಿಲ್ 1ರಂದು ಬಂತು. ರಾಜ್ಯದೊಳಗೂ ಅಂದೇ ಜಾರಿಗೆ ತಂದ ಮೊದಲ ರಾಜ್ಯ ಕರ್ನಾಟಕ. ಆ ಬಿಲ್ಲನ್ನೂ ತೂಕದ ಚೀಟಿಯನ್ನೂ ಕೇಳಬೇಕು. ಯಂತ್ರದ ಮೈಮೇಲೆ ತಯಾರಕರು ಹೊಡೆದ ಚಿಕ್ಕ ಫಲಕವೊಂದಿರುತ್ತದೆ. ಅದರ ಕ್ರಮಸಂಖ್ಯೆಯನ್ನು ಬಿಲ್ಲಿನಲ್ಲಿ ಬರೆಸಬೇಕು. ಫಲಕವನ್ನು ಕಿತ್ತಿದ್ದರೆ, ಉಳಿದಿರುವ ಮೊಳೆಯ ತೂತುಗಳನ್ನು ತೋರಿಸಿ ಏಕೆಂದು ಕೇಳಬೇಕು.