ಅಜ್ಜನ ಮನೆ ಮಾರುವ ಮುನ್ನ 2001ರ ಬೆಲೆ ಹುಡುಕಿ

ಅಕ್ಕಲಕೋಟ: ಅಜ್ಜ ಕಟ್ಟಿಸಿದ ಮನೆ. ದೊಡ್ಡ ಮೊಮ್ಮಗ ಇಲ್ಲೇ ಪೇಟೆಯಲ್ಲಿ ಕಿರಾಣಿ ಅಂಗಡಿ ಇಟ್ಟಿದ್ದಾನೆ. ಸಣ್ಣವನಿಗೆ ಪುಣೆಯಲ್ಲಿ ನೌಕರಿ. ಅಕ್ಕನನ್ನು ಆಳಂದಕ್ಕೆ ಕೊಟ್ಟಿದೆ. ಹಬ್ಬಕ್ಕೆ ಎಲ್ಲರೂ ಕೂಡಿದಾಗ ಮಾತು ಮನೆ ಮಾರುವ ಕಡೆಗೇ ಹೊರಳುತ್ತದೆ. ‘ಅಣ್ಣಾ, ಗಿರಾಕಿ ಬಂದಾಗ ಕೊಟ್ಟು ಬಿಡೋಣು. ಹನ್ನೆರಡು ಲಕ್ಷದ ತನಕ ಟ್ಯಾಕ್ಸೇ ಇಲ್ಲಂತಲ್ಲ, ಮತ್ಯಾಕ ಚಿಂತಿ?’ ಎನ್ನುತ್ತಾನೆ ಸಣ್ಣವ.

ಸೊಲ್ಲಾಪುರ, ಅಕ್ಕಲಕೋಟ, ಜತ್ತ ಭಾಗದ ಎಷ್ಟೋ ಕನ್ನಡ ಮನೆತನಗಳ ಮಾತಿದು. ಆದರೆ ಇದರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. 2025ರ ಬಜೆಟ್‌ನ 12 ಲಕ್ಷ ರೂಪಾಯಿ ರಿಯಾಯಿತಿ ಸಂಬಳ, ವ್ಯಾಪಾರ, ಬಡ್ಡಿಯಂಥ ಆದಾಯಕ್ಕೆ ಮಾತ್ರ. ಮನೆ, ಪ್ಲಾಟು ಮಾರಿ ಬಂದ ಲಾಭಕ್ಕೆ ಬೇರೆಯೇ ದರ. ಅಲ್ಲಿ ಈ ರಿಯಾಯಿತಿ ನಡೆಯುವುದಿಲ್ಲ.

ಒಂದೇ ಮನೆ, ಎರಡು ಲೆಕ್ಕ

ಎರಡು ವರ್ಷಕ್ಕಿಂತ ಹೆಚ್ಚು ಕಾಲ ಕೈಯಲ್ಲಿದ್ದ ಮನೆ ಮಾರಿದರೆ ಮೊದಲು ಲಾಭದ ಮೇಲೆ ಶೇ 20 ತೆರಿಗೆ ಇತ್ತು. ಆದರೆ ಹಳೆಯ ಬೆಲೆಯನ್ನು ಹಣದುಬ್ಬರಕ್ಕೆ ತಕ್ಕಂತೆ ಹೆಚ್ಚಿಸಿಕೊಂಡು ಲಾಭ ತೆಗೆಯಲು ಅವಕಾಶವಿತ್ತು. 2024ರ ಜುಲೈ 23ರ ಬಜೆಟ್ ದರವನ್ನು ಶೇ 12.5ಕ್ಕೆ ಇಳಿಸಿ, ಬೆಲೆ ಹೆಚ್ಚಿಸಿಕೊಳ್ಳುವ ಅವಕಾಶ ತೆಗೆಯಿತು. ವಿರೋಧ ಬಂದ ಮೇಲೆ ಆಗಸ್ಟ್‌ನಲ್ಲಿ ತಿದ್ದುಪಡಿಯಾಯಿತು. ಆ ದಿನಾಂಕಕ್ಕಿಂತ ಮೊದಲೇ ಪಡೆದ ಜಾಗ, ಮನೆಗೆ ಎರಡೂ ಲೆಕ್ಕ ಹಾಕಿ, ಯಾವುದು ಕಡಿಮೆಯೋ ಅಷ್ಟು ಕಟ್ಟಬಹುದು. 1961ರ ಕಾಯ್ದೆಯ ಜಾಗಕ್ಕೆ 2026ರ ಏಪ್ರಿಲ್ 1ರಿಂದ ಹೊಸ ಕಾಯ್ದೆ ಬಂದರೂ ಈ ಆಯ್ಕೆ ಉಳಿದಿದೆ. ಆದರೆ ಇದು ದೇಶದಲ್ಲೇ ವಾಸವಿರುವ ವ್ಯಕ್ತಿ ಮತ್ತು ಹಿಂದೂ ಅವಿಭಕ್ತ ಕುಟುಂಬಕ್ಕೆ ಮಾತ್ರ. ವಿದೇಶದಲ್ಲಿ ನೆಲೆಸಿದ ಪಾಲುದಾರನಿಗೆ ಶೇ 12.5 ಒಂದೇ ದಾರಿ.

2001ರ ಏಪ್ರಿಲ್ 1ಕ್ಕಿಂತ ಮುಂಚಿನಿಂದ ಮನೆತನದಲ್ಲಿರುವ ಆಸ್ತಿಗೆ ಅಜ್ಜ ಎಷ್ಟು ಕೊಟ್ಟಿದ್ದ ಎಂಬುದರ ಬದಲು ಆ ದಿನದ ಬೆಲೆಯನ್ನೇ ಅಸಲು ಎಂದು ಹಿಡಿಯಬಹುದು. ಉದಾಹರಣೆಗೆ, 2001ರ ಬೆಲೆ 4 ಲಕ್ಷ ಇದ್ದ ಮನೆಯನ್ನು 2025-26ರಲ್ಲಿ 30 ಲಕ್ಷಕ್ಕೆ ಮಾರಿದರೆ, ಹೊಸ ಲೆಕ್ಕದಲ್ಲಿ 26 ಲಕ್ಷ ಲಾಭಕ್ಕೆ 3.25 ಲಕ್ಷ ತೆರಿಗೆ. ಆ ವರ್ಷದ ಸೂಚ್ಯಂಕ 376. ಅದರಂತೆ ಅಸಲು 15.04 ಲಕ್ಷ ಆಗುತ್ತದೆ. ಹಳೆ ಲೆಕ್ಕದಲ್ಲಿ ಲಾಭ 14.96 ಲಕ್ಷ, ತೆರಿಗೆ 2 ಲಕ್ಷ 99 ಸಾವಿರ ಚಿಲ್ಲರೆ. ಹಳೆಯದೇ ಅಗ್ಗ. ಅದೇ ಮನೆ 40 ಲಕ್ಷಕ್ಕೆ ಹೋದರೆ ಹೊಸ ಲೆಕ್ಕದಲ್ಲಿ 4.50 ಲಕ್ಷ, ಹಳೆಯದರಲ್ಲಿ ಹತ್ತಿರ ಹತ್ತಿರ 5 ಲಕ್ಷ. ಈಗ ಹೊಸದು ಅಗ್ಗ. ಸೆಸ್ ಬೇರೆ.

ಎಂದರೆ ಇಡೀ ಲೆಕ್ಕ ನಿಂತಿರುವುದು 2001ರ ಬೆಲೆಯ ಮೇಲೆ. ಅದನ್ನು ಬಾಯಿಮಾತಿನಲ್ಲಿ ಹೇಳಿದರೆ ನಡೆಯದು. ನೋಂದಾಯಿತ ಮೌಲ್ಯಮಾಪಕರ ವರದಿ ಬೇಕು. ಆ ದಿನದ ಸರಕಾರಿ ಮುದ್ರಾಂಕ ಬೆಲೆ ಸಿಗುವಂತಿದ್ದರೆ ಅದನ್ನು ದಾಟುವಂತಿಲ್ಲ. ದುಯ್ಯಮ ನಿಬಂಧಕ ಕಚೇರಿಯವರು ಬಳಸುವ ರೆಡಿ ರೆಕನರ್‌ನ 2001ರ ದರ, ಸಿಟಿ ಸರ್ವೆ ಉತಾರಾ, ಹಳೆಯ ಖರೇದಿಖತ್ ಇವನ್ನು ಇಸಾರ ತೆಗೆದುಕೊಳ್ಳುವ ಮೊದಲೇ ಕೂಡಿಸಿಕೊಳ್ಳುವುದು ಜಾಣತನ.

ಅಕ್ಕನ ಸಹಿ

‘ಅಕ್ಕಾ, ನೀ ಒಂದು ಹಕ್ಕಸೋಡ ಪತ್ರಕ್ಕ ಸಹಿ ಹಾಕಿ ಬಿಡು, ಮುಂದಿಂದು ನಾವು ನೋಡ್ಕೊತೀವಿ’ ಎನ್ನುವ ರೂಢಿ ಗಡಿಯ ಎರಡೂ ಕಡೆ ಇದೆ. 2005ರ ತಿದ್ದುಪಡಿಯ ನಂತರ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೂ ಮಗನಷ್ಟೇ ಹಕ್ಕು. ತೆರಿಗೆಯ ದೃಷ್ಟಿಯಿಂದಲೂ ಈ ಸಹಿ ಲಾಭದ್ದಲ್ಲ. ಅಕ್ಕ ಪಾಲು ಬಿಟ್ಟರೆ ಅದರ ತೆರಿಗೆ ತಮ್ಮಂದಿರ ತಲೆಗೇ ಬೀಳುತ್ತದೆ. ಮೂವರೂ ಸೇರಿ ಮಾರಿ, ಹಣ ಅವರವರ ಖಾತೆಗೆ ಬಂದರೆ ಲೆಕ್ಕವೂ ಅವರವರದೇ. ಅಕ್ಕನಿಗೆ ಬೇರೆ ಆದಾಯ ಇಲ್ಲದಿದ್ದರೆ, 2025-26ರ ಹೊಸ ಪದ್ಧತಿಯಲ್ಲಿ ಆಕೆಯ ಲಾಭದಲ್ಲಿ ಮೊದಲ 4 ಲಕ್ಷಕ್ಕೆ ತೆರಿಗೆಯೇ ಇಲ್ಲ.

ತಮ್ಮ ಪಾಲಿನ ಲಾಭದಲ್ಲಿ ಎರಡು ವರ್ಷದೊಳಗೆ ಬೇರೆ ಮನೆ ಕೊಂಡರೆ, ಇಲ್ಲವೇ ಮೂರು ವರ್ಷದೊಳಗೆ ಕಟ್ಟಿಸಿದರೆ ತೊಡಗಿಸಿದಷ್ಟಕ್ಕೆ ವಿನಾಯಿತಿ ಇದೆ. ಆ ಮನೆ ಆಳಂದದಲ್ಲಿದ್ದರೂ ಸರಿ, ಪುಣೆಯಲ್ಲಿದ್ದರೂ ಸರಿ. ರಿಟರ್ನ್ ಸಲ್ಲಿಸುವ ಕೊನೆಯ ದಿನದೊಳಗೆ ಖರ್ಚಾಗದ ಹಣವನ್ನು ಬ್ಯಾಂಕಿನ ಬಂಡವಾಳ ಲಾಭ ಖಾತೆಯಲ್ಲಿ ಇಡಬೇಕು.

ಕಡಿಮೆ ಬರೆದರೆ

‘ಕಾಗದದಾಗ ಕಡಿಮಿ ಬರ್ಕೋರಿ, ಉಳಿದದ್ದು ರೋಖ್ ಕೊಡ್ತೀನಿ’ ಎನ್ನುವ ಗಿರಾಕಿ ಇದ್ದೇ ಇರುತ್ತಾನೆ. ಸರಕಾರಿ ಬೆಲೆ ಕಾಗದದ ಬೆಲೆಗಿಂತ ಶೇ 10ಕ್ಕೂ ಹೆಚ್ಚಿದ್ದರೆ ತೆರಿಗೆಗೆ ಸರಕಾರಿ ಬೆಲೆಯನ್ನೇ ಹಿಡಿಯುತ್ತಾರೆ. ಆಸ್ತಿ ವ್ಯವಹಾರದಲ್ಲಿ 20 ಸಾವಿರ ಅಥವಾ ಅದಕ್ಕಿಂತ ಹೆಚ್ಚು ಹಣ ರೋಖ್ ಪಡೆಯುವುದಕ್ಕೆ 2015ರಿಂದ ನಿರ್ಬಂಧವಿದೆ. ತಪ್ಪಿದರೆ ಪಡೆದಷ್ಟೇ ದಂಡ.

ಒಟ್ಟು ಬೆಲೆ 50 ಲಕ್ಷ ಮುಟ್ಟಿದರೆ ಕೊಳ್ಳುವವರು ಶೇ 1 ಮುರಿದುಕೊಂಡು ಸರಕಾರಕ್ಕೆ ಕಟ್ಟಬೇಕು. ಪಾಲುದಾರರು ಹಲವರಿದ್ದರೂ 2024ರ ಅಕ್ಟೋಬರ್ 1ರಿಂದ ಎಲ್ಲರ ಮೊತ್ತ ಕೂಡಿಸಿಯೇ ನೋಡುತ್ತಾರೆ. ಮುರಿದದ್ದು ರಿಟರ್ನ್‌ನಲ್ಲಿ ಜಮೆ ಸಿಗುತ್ತದೆ.

ಹೊಲದ ಮಾತು ಬೇರೆ. ಊರ ಹದ್ದಿಯಿಂದ ನಿಗದಿತ ದೂರದಾಚೆಯ ಕೃಷಿ ಜಮೀನಿಗೆ ಈ ತೆರಿಗೆ ಇಲ್ಲ. ಅಕ್ಕಲಕೋಟದಂಥ ಸಣ್ಣ ನಗರಪರಿಷತ್ ಊರಿಗೆ ಆ ದೂರ 2 ಕಿ.ಮೀ., ಸೊಲ್ಲಾಪುರಕ್ಕೆ 6 ಕಿ.ಮೀ. ಅಳೆಯುವುದು ರಸ್ತೆಯಲ್ಲಲ್ಲ, ನೇರ ಗೆರೆಯಲ್ಲಿ.

ಬಾಡಿಗೆಗೆ ಕೊಟ್ಟರೆ

‘ಮಾರೋದು ಬ್ಯಾಡ, ಮುಂದಿನ ಖೋಲಿ ಅಂಗಡಿಗಿ ಕೊಡೋಣು’ ಎನ್ನುವವರೂ ಒಂದು ಸಂಗತಿ ತಿಳಿದಿರಬೇಕು. ಮಾಲೀಕರಿಗೆ ಜಿಎಸ್‌ಟಿ ನೋಂದಣಿ ಇಲ್ಲದೆ, ಬಾಡಿಗೆದಾರ ವ್ಯಾಪಾರಿಗೆ ಇದ್ದರೆ, 2024ರ ಅಕ್ಟೋಬರ್ 10ರಿಂದ ಬಾಡಿಗೆಯ ಮೇಲಿನ ಶೇ 18 ಜಿಎಸ್‌ಟಿಯನ್ನು ವ್ಯಾಪಾರಿಯೇ ಕಟ್ಟಬೇಕು. ಕಾಂಪೋಸಿಷನ್ ಯೋಜನೆಯ ಸಣ್ಣ ವ್ಯಾಪಾರಿಗಳಿಗೆ 2025ರ ಜನವರಿ 16ರಿಂದ ಇದರಿಂದ ಬಿಡುಗಡೆ ಸಿಕ್ಕಿದೆ. ಬಾಡಿಗೆ ಕರಾರಿಗೆ ಮೊದಲು ಬಾಡಿಗೆದಾರ ಯಾವ ಲೆಕ್ಕದವನೆಂದು ಕೇಳಿಕೊಂಡರೆ ಮುಂದೆ ಜಗಳ ತಪ್ಪುತ್ತದೆ.

ಮಾರಲಿ, ಇಟ್ಟುಕೊಳ್ಳಲಿ, ಅದು ಮನೆಯವರ ಇಷ್ಟ. ಗಿರಾಕಿ ಬಾಗಿಲಿಗೆ ಬರುವ ಮೊದಲು ಅಜ್ಜನ ಟ್ರಂಕು ತೆಗೆದು ಕಾಗದ ಹುಡುಕಬೇಕು. ಆ ದಿನ ಆಳಂದದ ಅಕ್ಕನನ್ನೂ ಕರೆಸಿಕೊಳ್ಳಬೇಕು.